‘ಪರವಾಗಿಲ್ಲ ಡಾಕ್ಟ್ರೇ’ ಅನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹಾರ್ಟ್ ಫೇಲ್ಯೂರ್ ಬಗ್ಗೆ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದೆ ಹೃದಯ ಸೋಲುವ ಕಾಯಿಲೆಯ ಬಗ್ಗೆ.

ಎಕೋ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನ ಮನೆಯವರು ಮೊದಲು ಕೇಳುವ ಪ್ರಶ್ನೆ, “ಪಂಪಿಂಗ್ ಎಷ್ಟಿದೆ ಡಾಕ್ಟ್ರೇ?” 30 ಅಂದ ತಕ್ಷಣ ಮುಖ ಬಾಡಿಹೋಗುತ್ತದೆ. ನೂರಕ್ಕೆ ಮೂವತ್ತೇ ಉಳಿದಿದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಟ್ಟಿಮುಟ್ಟಾದ ಹೃದಯ ಕೂಡ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಸುಮಾರು 55ರಿಂದ 70 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತದೆ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಪಂಪಿಂಗ್ ಕಮ್ಮಿ ಅನ್ನುತ್ತೇವೆ. ಪಂಪಿಂಗ್ ಚೆನ್ನಾಗಿದ್ದೂ ಹಾರ್ಟ್ ಫೇಲ್ಯೂರ್ ಇರುವವರು ಬೇಕಾದಷ್ಟು ಜನ ಇದ್ದಾರೆ. ಅವರ ಹೃದಯ ಬಿಗಿಯಾಗಿರುತ್ತದೆ, ಸರಿಯಾಗಿ ತುಂಬಿಕೊಳ್ಳುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ, ಬಿಪಿ, ಶುಗರ್ ಇರುವವರಲ್ಲಿ ಇದು ಜಾಸ್ತಿ.

ಹಾಗಾಗಿ ಆ ನಂಬರ್ ಒಂದನ್ನೇ ಹಿಡಿದು ಕೂರಬೇಡಿ. ನನಗೆ ಗೊತ್ತಾಗಬೇಕಾದದ್ದು ಬೇರೆ. ರಾತ್ರಿ ಮಲಗಿ ಉಸಿರಾಡೋಕೆ ಎಷ್ಟು ದಿಂಬು ಬೇಕು? ಉಸಿರು ಕಟ್ಟಿ ಎದ್ದು ಕೂರುತ್ತೀರಾ? ಸ್ನಾನ ಮಾಡಿ ಬಂದು ಸುಧಾರಿಸಿಕೊಳ್ಳೋಕೆ ಎಷ್ಟು ಹೊತ್ತು?

ನಮ್ಮಲ್ಲಿಗೆ ಬರುವ ಒಬ್ಬರು ಅಜ್ಜಿ ಇದ್ದಾರೆ. ಹೇಗಿದ್ದೀರಿ ಅಂದರೆ ಪ್ರತಿ ಸಲವೂ “ಪರವಾಗಿಲ್ಲ ಕಣಪ್ಪ” ಅನ್ನುತ್ತಿದ್ದರು. ಒಂದು ಸಲ ಮಗಳು ಜೊತೆಗೆ ಬಂದಿದ್ದರು. ಅಮ್ಮ ಅಡುಗೆಮನೆಗೆ ಸ್ಟೂಲ್ ತಂದಿಟ್ಟುಕೊಂಡಿದ್ದಾರೆ, ಮುದ್ದೆ ತೊಳಸೋದು ಬಿಟ್ಟು ಎಷ್ಟೋ ದಿನ ಆಯ್ತು, ಹಿತ್ತಲಿಗೂ ಹೋಗಲ್ಲ ಅಂತ ಹೇಳಿದರು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಕಷ್ಟವಾಗುವ ಕೆಲಸವನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದರು, ಹಾಗಾಗಿ ಕಷ್ಟವೇ ಇರಲಿಲ್ಲ! ಮನೆಯಲ್ಲಿ ಎಲ್ಲರೂ ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ನಿದ್ದರು. ಆ ಮಗಳ ಮಾತು ಕೇಳಿದ ಮೇಲೆ ಮಾತ್ರೆಗಳ ಡೋಸ್ ಹಂತಹಂತವಾಗಿ ಏರಿಸಿದೆವು.

ನಾನು ಇವತ್ತು ಹೇಳಬೇಕಾದದ್ದು ಇದೇ. ‘ಪರವಾಗಿಲ್ಲ’ ಅನ್ನುವಲ್ಲಿಗೆ ಚಿಕಿತ್ಸೆ ನಿಲ್ಲಬಾರದು.

ಪಂಪಿಂಗ್ ಕಮ್ಮಿ ಇರುವವರಿಗೆ ಈಗ ನಾಲ್ಕು ಬಗೆಯ ಮಾತ್ರೆಗಳಿವೆ. ಸಾಕುಬಿಟ್ರಿಲ್-ವಾಲ್ಸಾರ್ಟಾನ್ ಒಂದು. ಕಾರ್ವೆಡಿಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಎರಡನೆಯದು. ಸ್ಪೈರೊನೊಲ್ಯಾಕ್ಟೋನ್ ಮತ್ತೊಂದು. ಶುಗರ್ ಮಾತ್ರೆ ಅಂತ ಬಂದು ಹೃದಯಕ್ಕೂ ಒಳ್ಳೆಯದು ಅಂತ 2019ರಲ್ಲಿ ಸಾಬೀತಾದ ಡಪಾಗ್ಲಿಫ್ಲೋಜಿನ್ ನಾಲ್ಕನೆಯದು. ಶುಗರ್ ಇಲ್ಲದವರಿಗೂ ಇದನ್ನು ಕೊಡುತ್ತೇವೆ, ಗಾಬರಿ ಬೇಡ. ಪಂಪಿಂಗ್ ಚೆನ್ನಾಗಿರುವವರಿಗೂ ಇದರಿಂದ ಉಪಯೋಗವಿದೆ.

ಬೀಟಾ ಬ್ಲಾಕರ್ ಕಥೆ ನನಗೆ ತುಂಬಾ ಇಷ್ಟ. ಸೋತ ಹೃದಯಕ್ಕೆ ಈ ಮಾತ್ರೆ ಕೊಡಲೇಬಾರದು ಅಂತ ಒಂದು ಕಾಲದಲ್ಲಿ ಪಾಠ ಮಾಡುತ್ತಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು 1975ರಲ್ಲಿ, ಕೊಟ್ಟು ನೋಡಿದ್ದೇವೆ, ಕೆಲವರು ಸುಧಾರಿಸಿದ್ದಾರೆ ಅಂತ ಬರೆದರು. ಬಹಳ ಜನ ನಂಬಲಿಲ್ಲ. 1999ರ ಹೊತ್ತಿಗೆ ದೊಡ್ಡ ಅಧ್ಯಯನಗಳು ಬಂದು, ಈ ಮಾತ್ರೆ ಜೀವ ಉಳಿಸುತ್ತದೆ ಅನ್ನುವುದು ಖಚಿತವಾಯಿತು. ಸೋತ ಹೃದಯವನ್ನು ದೇಹ ಅಡ್ರಿನಲಿನ್ ಅನ್ನುವ ಹಾರ್ಮೋನ್ ಸುರಿಸಿ ಓಡಿಸುತ್ತಲೇ ಇರುತ್ತದೆ, ಅದರಿಂದ ಹೃದಯ ಇನ್ನಷ್ಟು ಹಾಳಾಗುತ್ತದೆ. ಈ ಮಾತ್ರೆ ಆ ಓಟಕ್ಕೆ ಕಡಿವಾಣ ಹಾಕುತ್ತದೆ. ಆದರೆ ಮೊದಲ ಕೆಲವು ವಾರ ಸುಸ್ತು ಜಾಸ್ತಿ ಅನ್ನಿಸಬಹುದು. ಅದಕ್ಕೇ ಸಣ್ಣ ಡೋಸ್‌ನಿಂದ ಶುರು ಮಾಡುತ್ತೇವೆ. ಸುಸ್ತಾಯ್ತು ಅಂತ ನೀವೇ ಬಿಟ್ಟುಬಿಡಬೇಡಿ, ಬಂದು ಹೇಳಿ.

ನಮ್ಮ ದೇಶದ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. ರೋಗಿಗಳ ವಿವರ ದಾಖಲಿಸುವ ರಾಷ್ಟ್ರೀಯ ಹಾರ್ಟ್ ಫೇಲ್ಯೂರ್ ರಿಜಿಸ್ಟ್ರಿಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳಿದ್ದರು. ಸರಾಸರಿ ವಯಸ್ಸು 60ರ ಆಸುಪಾಸು. 90 ದಿನದೊಳಗೆ 14 ಪರ್ಸೆಂಟ್ ಜನ ತೀರಿಕೊಂಡರು. ಪಂಪಿಂಗ್ ಕಮ್ಮಿ ಇದ್ದವರಲ್ಲಿ ಸಿಗಬೇಕಾದ ಮಾತ್ರೆಗಳು ಸಿಕ್ಕಿದ್ದು ಅರ್ಧಕ್ಕಿಂತ ಕಮ್ಮಿ ಜನಕ್ಕೆ. ದುಡ್ಡಿನ ತೊಂದರೆ ನಿಜವೇ. ಆದರೆ ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್, ಅಂದರೆ ಒಂದೇ ಕಂಪನಿಗೆ ಇರುವ ಹಕ್ಕು, ಇಲ್ಲಿ 2020ರಲ್ಲಿ ಮುಗಿಯಿತು, ಸಾಕುಬಿಟ್ರಿಲ್-ವಾಲ್ಸಾರ್ಟಾನ್‌ನ ಮೊದಲ ಪೇಟೆಂಟ್ 2023ರಲ್ಲಿ. ಬೆಲೆ ಸಾಕಷ್ಟು ಇಳಿದಿದೆ. ಹಳೇ ಬೆಲೆ ನೆನಪಿಟ್ಟುಕೊಂಡು ಬೇಡ ಅನ್ನಬೇಡಿ, ಕಮ್ಮಿ ಬೆಲೆಯದು ಬರೆದುಕೊಡಿ ಅಂತ ಕೇಳಿ. ಕೇಳೋಕೆ ಸಂಕೋಚ ಯಾಕೆ?

ಇನ್ನೊಂದು ತೊಂದರೆ, ಗುಣವಾಯ್ತು ಅಂತ ಬಿಡುವುದು. ಲಂಡನ್ನಿನಲ್ಲಿ ಒಂದು ಅಧ್ಯಯನ ನಡೆಯಿತು. ಹೃದಯದ ಸ್ನಾಯು ಸೋತು, ಮಾತ್ರೆಯಿಂದ ಪಂಪಿಂಗ್ ಮಾಮೂಲಿಗೆ ಬಂದು, ಯಾವ ತೊಂದರೆಯೂ ಇಲ್ಲದವರು ಅದರಲ್ಲಿದ್ದರು. ವೈದ್ಯರ ಕಣ್ಗಾವಲಿನಲ್ಲೇ 25 ಜನರ ಮಾತ್ರೆ ನಿಲ್ಲಿಸಿದರು. ಆರು ತಿಂಗಳಲ್ಲಿ 11 ಜನಕ್ಕೆ ಕಾಯಿಲೆ ಮರಳಿತು. ಮಾತ್ರೆ ಮುಂದುವರಿಸಿದವರಲ್ಲಿ ಒಬ್ಬರಿಗೂ ಆ ಅವಧಿಯಲ್ಲಿ ಮರಳಲಿಲ್ಲ.

ಇನ್ನು ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ನೀರಿನ ಮಾತ್ರೆಯ ವಿಷಯ. ಬಸ್ಸಿನಲ್ಲಿ ಹೋಗುವ ದಿನ, ಮದುವೆ ಮನೆಗೆ ಹೋಗುವ ದಿನ ಹೆಂಗಸರು ಇದನ್ನು ತಪ್ಪಿಸುತ್ತಾರೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಹೇಳಿ? ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಬಿಡುವ ಬದಲು ಊರು ಮುಟ್ಟಿದ ಮೇಲೆ ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮನೆಯಲ್ಲಿ ಒಂದು ತೂಕದ ಮಿಷನ್ ಇರಲಿ. ಬೆಳಗ್ಗೆ ಎದ್ದು ಶೌಚಕ್ಕೆ ಹೋಗಿಬಂದು, ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡಿ. ಗುಳಿ ಹಾಗೇ ನಿಂತರೆ ಆವತ್ತೇ ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಕಮ್ಮಿ ಮಾಡಿ. ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಎಳನೀರಲ್ಲೂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರಿಗೆ, ಅದರಲ್ಲೂ ಕಿಡ್ನಿ ಸೋತವರಿಗೆ, ಪೊಟ್ಯಾಸಿಯಂ ಏರಿದರೆ ಅಪಾಯ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದಂತೂ ಬೇಡವೇ ಬೇಡ. ವಾಂತಿ, ಭೇದಿ ಆದಾಗ, ಉಪವಾಸ ಮಾಡುವಾಗ ಯಾವ ಮಾತ್ರೆ ತಡೆಹಿಡಿಯಬೇಕು ಅಂತ ಮೊದಲೇ ಬರೆಸಿಕೊಳ್ಳಿ.

ಕಾಯಿಲೆಯವರನ್ನು ಮಲಗಿಸಿಬಿಡಬೇಡಿ. ಊತ, ಉಸಿರಾಟ ಹತೋಟಿಗೆ ಬಂದವರು ದಿನಾ ನಡೆಯಬೇಕು. ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು.

ಎಲ್ಲ ಮಾಡಿದರೂ ಕೆಲವರ ಕಾಯಿಲೆ ಮುಂದುವರಿಯುತ್ತದೆ. ಅಂಥವರಲ್ಲಿ ಕೆಲವರಿಗೆ ಹೃದಯ ಕಸಿ ಆಗಬಹುದು. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಕಸಿ ಆಗದವರಿಗೂ ಉಸಿರಾಟದ ಸಂಕಟ, ನೋವು, ಹೆದರಿಕೆ ಕಮ್ಮಿ ಮಾಡೋಕೆ ಉಪಶಾಮಕ ಆರೈಕೆ ಇದೆ. ಅದು ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಅಂತ ತಿಳಿಯಬೇಡಿ. ಐಸಿಯು ಬೇಕಾ, ಮನೆಯಲ್ಲೇ ಇರಬೇಕಾ ಅನ್ನುವುದನ್ನು ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರನ್ನೇ ಕೇಳಿ. ಮಕ್ಕಳು ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡುವಂತಾಗಬಾರದು.

ಮಾತ್ರೆ ಚೀಟಿ ತಂದವರು ಮುಂದೆ ಬನ್ನಿ, ಒಟ್ಟಿಗೆ ನೋಡೋಣ. ಜೊತೆಗೆ ಬಂದಿರುವ ಮನೆಯವರೂ ಬನ್ನಿ.