ತಾಟು ಬೀಳಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ಬೀದಿಯಿಂದ ಆಶ್ರಯಧಾಮಕ್ಕೆ ಬಂದ ನಾಯಿಯನ್ನು ಮಾನಸಿಕ ಕಾಯಿಲೆ ಇರುವವರ ನೆರವಿಗೆ ತಯಾರು ಮಾಡುವುದು ಹೇಗೆ? ಇವತ್ತಿನ ವಿಷಯ ಇದು. ‘ಬೀದಿನಾಯಿಯಾ!’ ಅಂತ ಯಾರೋ ಆಗಲೇ ರೇಡಿಯೊ ಆರಿಸಲು ಕೈ ಚಾಚಿರಬಹುದು. ಸ್ವಲ್ಪ ತಾಳಿ.

ಇದರಲ್ಲಿ ಎರಡು ಬಗೆ. ಥೆರಪಿ ನಾಯಿ ಊರಿಗೆಲ್ಲ ಬೇಕಾದದ್ದು. ಸಾಕಿದವರ ಜೊತೆ ವಾರ್ಡಿಗೋ ವೃದ್ಧಾಶ್ರಮಕ್ಕೋ ಹೋಗಿ ಹತ್ತು ಜನರ ಕೈಗೆ ಮೈ ಕೊಟ್ಟು ಬರುತ್ತದೆ. ಸೇವಾನಾಯಿ ಒಬ್ಬರದೇ. ಅವರಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಗಾಬರಿ, ಬರುವಾಗ ತೊಡೆಯ ಮೇಲೆ ಭಾರ ಹಾಕಿ ಕೂರುವುದು, ಕೆಟ್ಟ ಕನಸಿನಿಂದ ಎಬ್ಬಿಸುವುದು, ಹೀಗೆ ಒಂದು ನಿರ್ದಿಷ್ಟ ಕೆಲಸ ಅದಕ್ಕೆ ಬರಲೇಬೇಕು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಪ್ರಕಾರವೂ ಅಷ್ಟೇ: ಸುಮ್ಮನೆ ಪಕ್ಕದಲ್ಲಿದ್ದು ಸಮಾಧಾನ ಕೊಟ್ಟರೆ ಅದು ಸೇವಾನಾಯಿ ಅಲ್ಲ.

ಎರಡಕ್ಕೂ ಜಾತಿ ನಾಯಿಯೇ ಆಗಬೇಕೆಂದಿಲ್ಲ. ಬೇಕಾದದ್ದು ಒಂದೇ ಗುಣ: ಬೆಚ್ಚಿಬಿದ್ದರೂ ಬೇಗ ಸುಧಾರಿಸಿಕೊಳ್ಳುವ ನಾಯಿ. ಬೆಚ್ಚದ ನಾಯಿ ಅಂತ ನಾನು ಹೇಳಲಿಲ್ಲ. ಬೆಚ್ಚದ ನಾಯಿ ಇರುವುದೇ ಇಲ್ಲ, ಇದ್ದರೆ ಮೊದಲು ಅದರ ಕಿವಿ ಪರೀಕ್ಷೆ ಮಾಡಿಸಿ. ಬೆಚ್ಚಲಿ, ಆದರೆ ಬೇಗ ಸುಧಾರಿಸಿಕೊಳ್ಳಲಿ.

ಬಳ್ಳಾರಿಯ ಒಂದು ಆಶ್ರಯಧಾಮದ ಕಥೆ ಕೇಳಿ. ಅಲ್ಲಿ ಎರಡು ನಾಯಿ. ಒಂದು ರಾಜಾ, ಕೆಂಚು ಬಣ್ಣ. ಗೇಟು ತೆರೆದರೆ ಸಾಕು, ಹಾರಿ ಹಾರಿ ಮುಖ ನೆಕ್ಕುವುದು, ಮಡಿಲಿಗೆ ನುಗ್ಗುವುದು. ಇನ್ನೊಂದಕ್ಕೆ ಬೂದಿ ಅಂತ ಹೆಸರು. ನೀರಿನ ಬೋಗುಣಿ ಪಕ್ಕದಲ್ಲಿ ಬಿದ್ದುಕೊಂಡು, ಬಂದವರನ್ನು ಒಮ್ಮೆ ನೋಡಿ ಬಾಲ ಎರಡು ಸಲ ನೆಲಕ್ಕೆ ಬಡಿದರೆ ಅವತ್ತಿನ ಉಪಚಾರ ಮುಗೀತು. ನಾಯಿ ಆರಿಸಲು ಬಂದ ಮನೆಯವರು, ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ, ‘ರಾಜಾನೇ ಬೇಕು, ಪಾಪ ಎಷ್ಟು ಪ್ರೀತಿ ನೋಡ್ರಿ’ ಅಂದರು. ತರಬೇತುದಾರ ವಾದ ಮಾಡಲಿಲ್ಲ. ಅಡುಗೆಮನೆಯಿಂದ ರೊಟ್ಟಿಯ ಸ್ಟೀಲ್ ತಾಟು ತಂದು, ನಾಯಿಗಳಿಂದ ಹತ್ತು ಹೆಜ್ಜೆ ದೂರ ನಿಂತು, ಸೊಂಟದೆತ್ತರದಿಂದ ಬಂಡೆಯ ಮೇಲೆ ಬಿಟ್ಟರು. ಢಣ್!

ರಾಜಾ ಮಂಚದ ಕೆಳಗೆ ಸೇರಿದವನು ಇಪ್ಪತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಮೂಗಿನ ಮುಂದೆ ಕೋಳಿ ತುಂಡು ಹಿಡಿದರೂ ತಿನ್ನಲಿಲ್ಲ. ಬೂದಿಯೂ ಬೆಚ್ಚಿತು. ಕಿವಿ ಹಿಂದಕ್ಕೆ, ನಾಲ್ಕು ಹೆಜ್ಜೆ ಓಟ. ಅಲ್ಲಿ ನಿಂತು ತಿರುಗಿ ನೋಡಿತು. ಅರ್ಧ ನಿಮಿಷದೊಳಗೆ ತಾನಾಗಿಯೇ ಬಂದು ತಾಟು ಮೂಸಿ, ಅಂಟಿದ್ದ ಜೋಳದ ರೊಟ್ಟಿಯ ಚೂರು ನೆಕ್ಕಿ, ಮತ್ತೆ ಬೋಗುಣಿ ಪಕ್ಕ ಹೋಗಿ ಮಲಗಿತು. ರಾಜಾನ ಹಾರಾಟ ಪ್ರೀತಿ ಅಂತ ಎಲ್ಲರೂ ತಿಳಿದಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳವಳವೇ. ವಾರ್ಡಿನಲ್ಲಿ ಸ್ಟ್ರೆಚರ್ ಗೋಡೆಗೆ ತಾಗುತ್ತದೆ, ರೋಗಿಯೊಬ್ಬರು ಇದ್ದಕ್ಕಿದ್ದಂತೆ ಕಿರುಚುತ್ತಾರೆ. ಹೆದರಿ ಮೂಲೆ ಸೇರಿದ ನಾಯಿಯ ಹತ್ತಿರ ಕೈ ಹೋದರೆ ಅದು ಕಚ್ಚುತ್ತದೆ. ಬೂದಿ ತರಬೇತಿಗೆ ಹೋಯಿತು. ರಾಜಾ ಸಿರುಗುಪ್ಪದ ಕಡೆ ಅಂಗಳವಿರುವ ಒಂದು ಮನೆ ಸೇರಿ ಆರಾಮಾಗಿದ್ದಾನೆ. ಹಾಗಾಗಿ ‘ಪಾಪ’ ಅಂತ ನಾಯಿ ಆರಿಸಬೇಡಿ. ತಾಟು ಬೀಳಿಸಿ ಆರಿಸಿ.

ಈ ಪರೀಕ್ಷೆ ನಾಯಿ ಬಂದ ದಿನವೇ ಬೇಡ, ಮೂರು ವಾರ ಕಳೆಯಲಿ. ಬೇರೆ ಬೇರೆ ದಿನ ಮೂರು ಸಲ ಮಾಡಿ. ಒಂದು ದಿನ ತಾಟು, ಒಂದು ದಿನ ಎದುರಿಗೆ ಫಟ್ಟನೆ ಬಿಚ್ಚಿದ ಛತ್ರಿ, ಒಂದು ದಿನ ಗಡಗಡ ಎಳೆದ ಕುರ್ಚಿ. ಪಂಜ, ಕಿವಿ, ಬಾಲ ಮುಟ್ಟಿಸಿಕೊಳ್ಳುತ್ತದೆಯೇ ಅಂತಲೂ ನೋಡಿ. ವಯಸ್ಸು ಒಂದೂವರೆಯಿಂದ ಮೂರು ವರ್ಷವಿರಲಿ. ಕುನ್ನಿಯ ಸ್ವಭಾವ ಇನ್ನೂ ಗಟ್ಟಿಯಾಗಿರುವುದಿಲ್ಲ. ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಆಗಲೇಬೇಕು. ಮೈಯಲ್ಲಿ ಉಣ್ಣೆಹುಳ ಇದ್ದರೆ ಮೊದಲು ಅದನ್ನು ತೆಗೆಸಿ. ಉಣ್ಣೆ ಜ್ವರ ಬಂದ ನಾಯಿ ಮಂಕಾಗಿ ಮಲಗುತ್ತದೆ, ನೀವು ಅದನ್ನೇ ‘ಶಾಂತ ಸ್ವಭಾವ’ ಅಂತ ಬರೆದುಕೊಂಡಿರುತ್ತೀರಿ.

ಇನ್ನು ಪಾಠ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಉಪ್ಪು ಖಾರ ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಶೇಂಗಾ ಬೀಜದಷ್ಟು ತುಂಡು. ಸರಿ ಮಾಡಿದ ಒಂದು ಸೆಕೆಂಡಿನೊಳಗೆ ಬಾಯಿಗೆ ಬೀಳಬೇಕು. ತಡ ಮಾಡಿದರೆ ಅದು ಕಲಿಯುವುದು ಬೇರೆಯೇ.

ಮೊದಲ ಪಾಠ ಕೌದಿ. ಹಳೆಯ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿ. ಅದರ ಮೇಲೆ ಕಾಲಿಟ್ಟರೆ ಒಂದು ತುಂಡು, ಮಲಗಿದರೆ ಇನ್ನೊಂದು, ಗದ್ದ ನೆಲಕ್ಕಿಟ್ಟರೆ ಮತ್ತೊಂದು. ಒಂದು ನಿಮಿಷದಿಂದ ಶುರು ಮಾಡಿ ಅರ್ಧ ತಾಸಿಗೆ ಬನ್ನಿ. ಆಮೇಲೆ ಅದೇ ಕೌದಿಯನ್ನು ಕಟ್ಟೆಗೆ, ಸಂತೆಯ ಅಂಚಿಗೆ, ಟಂಟಂ ನಿಲ್ಲುವ ಕಡೆಗೆ ಒಯ್ಯಿರಿ. ಎಲ್ಲಿ ಕೌದಿ ಬಿಚ್ಚಿದರೂ ಅದರ ಪಾಲಿಗೆ ಅದು ಮನೆ.

ಸೇವಾನಾಯಿಗೆ ಎರಡನೇ ಪಾಠ: ತಲೆ ಇಡುವುದು. ಕುರ್ಚಿಯಲ್ಲಿ ಕುಳಿತು ‘ಇಡು’ ಅಂದಾಗ ಗದ್ದ ತೊಡೆಯ ಮೇಲೆ. ಎರಡು ಸೆಕೆಂಡು, ಹತ್ತು ಸೆಕೆಂಡು, ಐದು ನಿಮಿಷ. ಬಹಳ ಜನ ತಪ್ಪುವುದು ಇಲ್ಲೇ. ತಿನಿಸು ಮೇಲಿನಿಂದ ಕೊಟ್ಟರೆ ನಾಯಿ ತಲೆ ಎತ್ತಲು ಕಲಿಯುತ್ತದೆ! ತೊಡೆಗೆ ಒತ್ತಿ, ಬಾಯಿಯ ಪಕ್ಕದಲ್ಲೇ ಕೊಡಿ. ಇದು ಗಟ್ಟಿಯಾದ ಮೇಲೆ ಆ ವ್ಯಕ್ತಿಯ ಸೂಚನೆಗೆ ಜೋಡಿಸಿ. ಗಾಬರಿ ಶುರುವಾದಾಗ ಅವರು ಕಾಲು ಕುಣಿಸುತ್ತಾರೆಯೇ? ಹಾಗಾದರೆ ಅವರೇ ಬೇಕೆಂದು ಕಾಲು ಕುಣಿಸಲಿ, ಒಂದು ಸೆಕೆಂಡು ಬಿಟ್ಟು ‘ಇಡು’ ಅನ್ನಲಿ, ತಲೆ ಇಟ್ಟರೆ ತಿನಿಸು. ಹೀಗೇ ಮಾಡುತ್ತಾ ಹೋದರೆ ಒಂದು ದಿನ ಮಾತು ಬಾಯಿಂದ ಹೊರಡುವ ಮೊದಲೇ ತಲೆ ಬಂದಿರುತ್ತದೆ. ಕಾಲು ಕುಣಿಸದಿದ್ದಾಗ ಬಂದು ತಲೆ ಇಟ್ಟರೆ ತಿನಿಸಿಲ್ಲ, ಮಾತೂ ಇಲ್ಲ. ಕೊಟ್ಟಿರೋ, ಅದು ದಿನವಿಡೀ ಬೇಡುವ ನಾಯಿಯಾಗುತ್ತದೆ.

ಹೊಡೆಯಬೇಡಿ. ಗುರ್ ಅಂದದ್ದಕ್ಕೆ ಹೊಡೆದರೆ ಗುರ್ ಅನ್ನುವುದು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ವಾರ್ಡಿಗೆ ಹೋಗುವ ಮುನ್ನ ಆಸ್ಪತ್ರೆಯವರ ಅನುಮತಿ, ಹಿಂದಿನ ದಿನ ಸ್ನಾನ, ಕತ್ತರಿಸಿದ ಉಗುರು. ಒಂದು ತಾಸು ಸಾಕು. ಅದು ಪದೇ ಪದೇ ತುಟಿ ನೆಕ್ಕಿದರೆ, ಆಕಳಿಸಿದರೆ, ಮುಖ ತಿರುಗಿಸಿದರೆ ತಕ್ಷಣ ಹೊರಗೆ ಕರೆತನ್ನಿ. ರಾಯಚೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ನಾಯಿ ಬಂತೆಂದು ಮಾತ್ರೆ ಬಿಡುವ ಹಾಗಿಲ್ಲ. ಮಾನಸಿಕ ಕಾಯಿಲೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ವೈದ್ಯರನ್ನು ಕಾಣಿ. ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ.

ಹಾಂ, ತಾಟು ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ ತಾಟು ಬೀಳಿಸಿ ನಾಯಿ ಪಾಸಾಯಿತು ಅನ್ನಬೇಡಿ. ನಮಸ್ಕಾರ.