ಹುಳುಕಡ್ಡಿಗೆ ಮಿಕ್ಸ್ ಟ್ಯೂಬ್ ಬೇಡ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ. ಇನ್ನು ಮೂರು ತಿಂಗಳು ಚರ್ಮದ ಡಾಕ್ಟರ ಹತ್ತಿರ ಬರುವವರಲ್ಲಿ ಹುಳುಕಡ್ಡಿಯವರೇ ಜಾಸ್ತಿ. ತೊಡೆಸಂದಿ, ಕಂಕುಳು, ಲಂಗದ ಲಾಡಿ ಕಟ್ಟುವ ಜಾಗ. ಯಾರೂ ಕೈ ಎತ್ತಬೇಡಿ, ನನಗೆ ಅಂದಾಜಿದೆ! ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇದು ಶಿಲೀಂಧ್ರ. ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತಿಂದು ಬದುಕುತ್ತದೆ. ಬೆವರು, ಒದ್ದೆ ಬಟ್ಟೆ ಸಿಕ್ಕರೆ ಹಬ್ಬುತ್ತದೆ.

ಅಡಿಕೆ ಮರಕ್ಕೆ ಬೋರ್ಡೋ ಎಂಬ ಶಿಲೀಂಧ್ರದ ಔಷಧಿ ಹೊಡೆಯುವ ಒಬ್ಬರು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರ ತುಂಬ ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬುಗಳು. "ಭಾರೀ ಒಳ್ಳೆ ಔಷಧಿ ಡಾಕ್ಟ್ರೇ, ಎರಡೇ ದಿನಕ್ಕೆ ತುರಿಕೆ ನಿಲ್ತದೆ" ಅಂದರು. ಮತ್ತೆ ಯಾಕೆ ಬಂದಿರಿ ಅಂದೆ. "ಬಿಟ್ಟ ಕೂಡಲೇ ಮತ್ತೆ ಬರ್ತದಲ್ಲ!" ಅದೇ ಟ್ಯೂಬನ್ನು ಹೆಂಡತಿಗೆ ಕೊಟ್ಟಿದ್ದರು, ತಮ್ಮನಿಗೂ ಕೊಟ್ಟಿದ್ದರು. ತೊಡೆ ನೋಡಿದರೆ ಚರ್ಮ ತೆಳ್ಳಗಾಗಿ ಉದ್ದುದ್ದ ಗೆರೆ ಬಿದ್ದಿತ್ತು. ಹುಳುಕಡ್ಡಿ ವಾಸಿಯಾಯಿತು, ಆ ಗೆರೆ ಹೋಗಲಿಲ್ಲ.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಸಾಲ್ ಅಂತಿತ್ತು. ಅದು ಜೋರಾದ ಸ್ಟೀರಾಯ್ಡ್. ಶಿಲೀಂಧ್ರದ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆಸಿದ ಇಂಥದ್ದನ್ನೇ ನಾನು ಮಿಕ್ಸ್ ಟ್ಯೂಬ್ ಅನ್ನುವುದು. ಶಿಲೀಂಧ್ರದ ವಿರುದ್ಧ ದೇಹ ಹೋರಾಡುವಾಗ ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ನಿಮಗೆ ಹಾಯೆನಿಸುತ್ತದೆ, ಶಿಲೀಂಧ್ರ ಆರಾಮವಾಗಿ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಸಿಗುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ.

ಶಿಲೀಂಧ್ರವೂ ಈಗ ಮೊಂಡಾಗಿದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳದ ರೋಗಿಗಳಿಂದ ಸಿಕ್ಕ ಒಂದು ಬಗೆಗೆ ಟ್ರೈಕೋಫೈಟಾನ್ ಇಂಡೋಟೀನಿಯೆ ಅಂತ ಹೆಸರಿಟ್ಟರು. ಟರ್ಬಿನಾಫಿನ್ ಎಂಬ ನಮ್ಮ ನೆಚ್ಚಿನ ಮಾತ್ರೆಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಹಾಗಾಗಿ ಅರ್ಧಕ್ಕೆ ಬಿಡಬೇಡಿ. ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಡಾಕ್ಟರು ಕೊಟ್ಟ ಶಿಲೀಂಧ್ರದ ಕ್ರೀಮ್ ಹಚ್ಚಿ. ವಾಸಿಯಾದಂತೆ ಕಂಡ ಮೇಲೂ ಎರಡು ವಾರವಾದರೂ ಮುಂದುವರಿಸಿ. ಮಾತ್ರೆ ಎಷ್ಟು ದಿನ ಅನ್ನುವುದನ್ನು ಡಾಕ್ಟರು ಹೇಳಲಿ.

ಇದು ಅಂಟುವ ರೋಗ, ಮನೆಯವರನ್ನೆಲ್ಲ ಕರೆತನ್ನಿ ಅಂದಾಗ ಟ್ಯೂಬ್ ತಂದಿದ್ದ ಆ ಅಣ್ಣ ಮೊದಲು ಒಪ್ಪಲಿಲ್ಲ. ಅಡಿಕೆಗೆ ಕೊಳೆ ರೋಗ ಬಂದಾಗ ಒಂದೇ ಮರಕ್ಕೆ ಬೋರ್ಡೋ ಹೊಡೆದು ಪಕ್ಕದ್ದನ್ನು ಬಿಡ್ತೀರಾ ಅಂದೆ. ಮಾರನೇ ವಾರ ಇಡೀ ಮನೆಯವರು ಜೀಪಿನಲ್ಲಿ ಬಂದಿಳಿದರು.

ಬಟ್ಟೆಯ ಮಾತು. ಮಳೆಗಾಲದಲ್ಲಿ ಅರೆಬರೆ ಒಣಗಿದ್ದನ್ನೇ ಹಾಕಿಕೊಳ್ಳುತ್ತೇವೆ ಅಲ್ವಾ? ಬಚ್ಚಲೊಲೆಯ ಹತ್ತಿರ ಪೂರ್ತಿ ಒಣಗಿಸಿ, ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಆಡಿಸಿ. ರೋಗ ಇದ್ದವರ ಬಟ್ಟೆ ಬೇರೆ ಒಗೆಯಿರಿ. ಟವೆಲ್ ಒಬ್ಬರಿಗೊಂದು. ಉಡಿದಾರ ಸದಾ ಒದ್ದೆಯಾಗಿರುತ್ತದೆ. ವಾಸಿಯಾಗುವವರೆಗೆ ತೆಗೆದಿಡಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಇದ್ದವರು ಕಾಲ್ಬೆರಳ ಸಂದಿಯನ್ನು ದಿನಾ ಒರೆಸಿ ನೋಡಿಕೊಳ್ಳಿ. ಮಕ್ಕಳ ತಲೆಗೆ ಬಂದರೆ ಕ್ರೀಮ್ ಸಾಲದು, ಮಾತ್ರೆಯೇ ಬೇಕು. ಕರುವಿನ ಕಣ್ಣಿನ ಸುತ್ತ ಬೂದು ಹಕ್ಕಳೆ ಕಂಡರೆ ಪಶುವೈದ್ಯರಿಗೆ ತೋರಿಸಿ, ಅದೂ ಹುಳುಕಡ್ಡಿಯಾಗಿದ್ದರೆ ಮಕ್ಕಳಿಗೂ ಅಂಟುತ್ತದೆ. ಉಗುರಿನ ವಿಷಯ ಉಳಿಯಿತು, ಪ್ರಶ್ನೆಯಲ್ಲಿ ಕೇಳಿ. ಮನೆಯಿಂದ ಟ್ಯೂಬ್ ತಂದವರಿದ್ದರೆ ಮುಂದೆ ಬನ್ನಿ, ಏನು ಬರೆದಿದೆ ಅಂತ ಒಟ್ಟಿಗೇ ಓದೋಣ.