ಕಿಡಿ ಹುಟ್ಟದ ಯೆಜ್ಡಿ

ಈ ಗಾಡಿಯನ್ನು ನೋಡಿ. ಯೆಜ್ಡಿ 250 ಬೈಕ್. ಮಂಡ್ಯದ ಬಳಿ ಆಲೆಮನೆಯೊಂದರ ಪಕ್ಕದ ಕೊಟ್ಟಿಗೆಯಲ್ಲಿ ಬಹುಕಾಲ ನಿಂತಿತ್ತು. ಟೆಂಪೋಗೆ ಏರಿಸಿ ಮೈಸೂರಿನ ನಮ್ಮ ಮನೆಗೆ ತಂದೆ. ದುಡ್ಡು ಕೊಡುವ ಮೊದಲು ಎಂಜಿನ್ ಸಂಖ್ಯೆ, ಛಾಸಿ ಸಂಖ್ಯೆ ಎರಡನ್ನೂ ಆರ್‌ಸಿಯೊಂದಿಗೆ ತಾಳೆ ನೋಡಿಕೊಂಡೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ಬಿಡಲೇಬಾರದು. ಸಂಖ್ಯೆಗಳು ಸರಿಯಿದ್ದವು, ಇಲ್ಲದಿದ್ದುದು ಬಿಡಿಭಾಗಗಳು. ಬ್ಯಾಟರಿ ಇಲ್ಲ, ಪ್ಲಗ್ ಕ್ಯಾಪ್ ಇಲ್ಲ, ಪಕ್ಕದ ಪೆಟ್ಟಿಗೆಗೆ ಮುಚ್ಚಳವಿಲ್ಲ. ಹೆಡ್‌ಲೈಟಿನ ಮೇಲೆ ಕೀಲಿ ಚುಚ್ಚುವ ಜಾಗದಿಂದ ಎರಡು ತಂತಿಗಳು ಹೊರಗೆ ಇಣುಕುತ್ತಿವೆ.

ಮೈಸೂರಿನದೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಇದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಈ ಊರಿನಲ್ಲಿ ಯೆಜ್ಡಿಯ ಸದ್ದು ಕೇಳಿದರೆ ತಿರುಗಿ ನೋಡುವವರು ಇನ್ನೂ ಇದ್ದಾರೆ. ನನಗೆ ಈ ಗಾಡಿ ಪ್ರದರ್ಶನಕ್ಕೆ ಬೇಡ, ರಸ್ತೆಗೆ ಬೇಕು.

ಕಿಕ್ಕರ್ ತುಳಿದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಕಾಲಿಗೆ ತಿಳಿಯುತ್ತದೆ. ಕರೆಂಟ್ ಮಾತ್ರ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಕಾಯಿಲ್, ಪಾಯಿಂಟ್, ಪ್ಲಗ್ ಎಲ್ಲವನ್ನೂ ಹೊಸದಾಗಿ ತಂದು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಇರುವುದನ್ನು ಬದಲಿಸುವ ಮೊದಲು, ಇರಬೇಕಾದದ್ದರಲ್ಲಿ ಏನಿಲ್ಲ ಎಂಬುದು ಗೊತ್ತಾಗಬೇಕು. ಅದಕ್ಕೆ ಕರೆಂಟ್ ಹರಿಯುವ ದಾರಿಯನ್ನೇ ಹಿಡಿದು ಹೋಗಬೇಕು: ಬ್ಯಾಟರಿ, ಸ್ವಿಚ್, ವೋಲ್ಟ್ ಏರಿಸುವ ಕಾಯಿಲ್, ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕರೆಂಟ್ ಕಡಿಯುವ ಪಾಯಿಂಟ್, ಕೊನೆಗೆ ಕಿಡಿ ಹಾರಿಸುವ ಪ್ಲಗ್.

ಇದು 6 ವೋಲ್ಟಿನ ವ್ಯವಸ್ಥೆ. ಚಾರ್ಜ್ ಮಾಡಿದ 6 ವೋಲ್ಟ್ ಬ್ಯಾಟರಿ ತಂದು, ಸ್ವಿಚ್ಚನ್ನು ಬದಿಗಿಟ್ಟು, ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ತಂತಿ ಎಳೆದೆ. ಆಗ ಕಿಡಿ ಬಂದಿದ್ದರೆ ತೊಂದರೆ ಸ್ವಿಚ್ಚಿನಲ್ಲಿ ಎನ್ನಬಹುದಿತ್ತು. ಬರಲಿಲ್ಲ. ಮಲ್ಟಿಮೀಟರ್ ಇಟ್ಟು ಕಾಯಿಲ್ ಅಳೆದಾಗ ಬ್ಯಾಟರಿಯ ಕರೆಂಟ್ ಹರಿಯುವ ಪ್ರೈಮರಿ ಸುರುಳಿಯ ರೋಧ ಮೂರು ಓಮ್‌ಗಿಂತ ಹೆಚ್ಚು ತೋರಿಸಿತು. ಯಾರೋ 12 ವೋಲ್ಟಿನ ಕಾಯಿಲ್ ಕಟ್ಟಿದ್ದಾರೆ. 6 ವೋಲ್ಟಿನಲ್ಲಿ ಅದರೊಳಗೆ ಸಾಕಷ್ಟು ಕರೆಂಟ್ ಹರಿಯುವುದೇ ಇಲ್ಲ. ಗುಜರಿಯಲ್ಲಿ 6 ವೋಲ್ಟಿನದು ಸಿಕ್ಕಿತು. ಅಂಗಡಿಯಲ್ಲೇ ಅಳೆದು ನೋಡಿ ತಂದೆ.

ಈಗ ಬಲಗಡೆಯ ಕವರ್ ಬಿಚ್ಚಿದ್ದೇನೆ. ಒಳಗೆ ಕಾಣುವುದು ಡೈನಮೋ, ಅದರ ಮೇಲೆ ಪಾಯಿಂಟ್. ಈ ಪುಟ್ಟ ಬಲ್ಬಿನ ಒಂದು ತಂತಿಯನ್ನು ಪಾಯಿಂಟಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದ್ದೇನೆ. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತೇನೆ. ಪಾಯಿಂಟ್ ಮುಚ್ಚಿದಾಗ ಬಲ್ಬ್ ಆರುತ್ತದೆ, ತೆರೆದಾಗ ಹತ್ತುತ್ತದೆ. ಬಲ್ಬ್ ಆರದೇ ಉಳಿದರೆ ಪಾಯಿಂಟಿನ ಮುಖ ಕೊಳಕಾಗಿದೆ ಎಂದರ್ಥ. ಹತ್ತದೇ ಇದ್ದರೆ ಕರೆಂಟ್ ಅಲ್ಲಿಗೆ ತಲುಪುತ್ತಿಲ್ಲ, ಇಲ್ಲವೇ ತಂತಿ ಎಲ್ಲೋ ಲೋಹಕ್ಕೆ ತಾಗಿ ಅರ್ತ್ ಆಗಿದೆ. ಇಲ್ಲಿ ಎರಡೂ ಅಲ್ಲ. ಬಲ್ಬ್ ಸರಿಯಾಗಿಯೇ ಹತ್ತಿ ಆರುತ್ತಿದೆ. ಆದರೆ ಕಿಕ್ಕರ್ ತುಳಿದಾಗ ಪ್ಲಗ್‌ನಲ್ಲಿ ಬಡಕಲು ಹಳದಿ ಕಿಡಿ, ಪಾಯಿಂಟ್‌ಗಳ ನಡುವೆ ಮಾತ್ರ ನೀಲಿ ಬೆಳಕು.

ನಮ್ಮ ಬೀದಿಯಲ್ಲಿ ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಬಂದು ಬಗ್ಗಿ ನೋಡಿದವರೇ, "ಕಂಡೆನ್ಸರ್ ಎಲ್ಲಪ್ಪಾ?" ಎಂದರು. ಪಾಯಿಂಟಿನ ಪಕ್ಕದಲ್ಲಿ ಬರಿಯ ಸ್ಕ್ರೂ ಇತ್ತು, ಅದು ಹಿಡಿದಿರಬೇಕಾದ ವಸ್ತುವೇ ಇರಲಿಲ್ಲ.

ಆ ಚಿಕ್ಕ ಡಬ್ಬಿಯ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರಿಯುವ ನಾಲೆಯ ತೂಬನ್ನು ಥಟ್ಟನೆ ಇಳಿಸಿದರೆ ನೀರು ಉಕ್ಕಿ ತೂಬನ್ನೇ ಹಾರಿ ಹೋಗುತ್ತದೆ. ಪಕ್ಕದಲ್ಲೊಂದು ಹೊಂಡವಿದ್ದರೆ ಆ ಉಕ್ಕು ಅಲ್ಲಿ ಇಳಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನ ಕರೆಂಟ್ ಕೂಡ ಹಾಗೆಯೇ ನಿಲ್ಲಲು ಒಪ್ಪುವುದಿಲ್ಲ. ಕಂಡೆನ್ಸರ್ ಇಲ್ಲದಿದ್ದರೆ ಅದು ಪಾಯಿಂಟನ್ನು ಹಾರಿ ಅಲ್ಲೇ ಉರಿಯುತ್ತದೆ. ಇದ್ದರೆ ಕಾಯಿಲ್‌ನ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ, ಆ ಕುಸಿತದಿಂದಲೇ ಪ್ಲಗ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಯೆಜ್ಡಿಯದೇ ಕಂಡೆನ್ಸರ್ ಸಿಗದಿದ್ದರೂ ಚಿಂತೆಯಿಲ್ಲ. ಪಾಯಿಂಟ್ ಇರುವ ಬೇರೆ ಹಳೆಯ ಗಾಡಿಯದು, 0.2ರಿಂದ 0.3 ಮೈಕ್ರೋಫ್ಯಾರಡ್‌ನದು, ನಡೆಯುತ್ತದೆ. ಅದರ ಹೊರಮೈ ಲೋಹಕ್ಕೆ ಗಟ್ಟಿಯಾಗಿ ತಾಗಿರಬೇಕು, ನಡುವೆ ಬಣ್ಣವಾಗಲಿ ತುಕ್ಕಾಗಲಿ ಇರಕೂಡದು. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ಸೋರಿದರೂ ದೊಡ್ಡ ನಷ್ಟ.

ಕಂಡೆನ್ಸರ್ ಕೂರಿಸಿ, ಸುಟ್ಟ ಪಾಯಿಂಟನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ, ಸಂದು ಅಳೆಯುವ ಫೀಲರ್ ಗೇಜ್ ಇಟ್ಟು 0.4 ಮಿಲಿಮೀಟರ್ ಅಂತರ ಕೊಟ್ಟೆ. ಟೈಮಿಂಗ್‌ಗೂ, ಅಂದರೆ ಕಿಡಿ ಹಾರುವ ಕ್ಷಣವನ್ನು ಹೊಂದಿಸಲೂ, ಅದೇ ಬಲ್ಬ್ ಸಾಕು. ಪಿಸ್ಟನ್ ತುದಿ ಮುಟ್ಟಲು ಸುಮಾರು 3 ಮಿಲಿಮೀಟರ್ ಇರುವಾಗ ಬಲ್ಬ್ ಹತ್ತುವಂತೆ ಪಾಯಿಂಟ್ ಕೂತಿರುವ ತಟ್ಟೆಯನ್ನು ತಿರುಗಿಸಿ ಬಿಗಿ ಮಾಡಿದೆ.

ಪೆಟ್ರೋಲ್ ಡಬ್ಬಿಯನ್ನು ದೂರವಿಟ್ಟು ಪ್ಲಗ್ಗನ್ನು ಹೆಡ್‌ಗೆ ತಾಗಿಸಿ ತುಳಿಯುತ್ತಿದ್ದೇನೆ. ನೋಡಿ, ಈ ಬಾರಿ ದಪ್ಪ ನೀಲಿ ಕಿಡಿ! ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ತುಳಿದಾಗ ಎಂಜಿನ್ ಹತ್ತಿಯೇ ಬಿಟ್ಟಿತು. ಆ ಹಿರಿಯರು ಹೊಗೆಯ ನಡುವೆಯೇ ನಿಂತು ಆಕ್ಸಿಲರೇಟರ್ ಹಿಡಿದರು. ಅವರ ಮುಖವನ್ನು ನೀವೇ ನೋಡುತ್ತಿದ್ದೀರಿ.

ಡೈನಮೋ ಇನ್ನೂ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ, ಏಕೆಂದರೆ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೂಡ ಕಾಣೆಯಾಗಿದೆ. ಸದ್ಯ ಹೊರಗಿನ ಚಾರ್ಜರ್‌ನಲ್ಲೇ ನಡೆಸುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ 6 ವೋಲ್ಟಿನ ಹಳೆಯ ಯೆಜ್ಡಿ ರೆಗ್ಯುಲೇಟರ್ ಇದ್ದರೆ ದಯವಿಟ್ಟು ತಿಳಿಸಿ. ಕೆಟ್ಟಿದ್ದರೂ ಪರವಾಗಿಲ್ಲ, ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತೇನೆ.